ನನಗೆ ತೆರೆಯದ ಗೇಟು

ಸ್ನೇಹಿತರೇ, ಅಂತರಸನಹಳ್ಳಿಯ ಫ್ಯಾಕ್ಟರಿಗಳಲ್ಲಿ ಕರೆದು ಕರೆದು ಕೆಲಸ ಕೊಡುತ್ತಿದ್ದಾರೆ ಎಂದು ನನ್ನ ತಲೆ ತಿಂದವರೆಲ್ಲ ಇದನ್ನು ಓದಿ. ಇವತ್ತು ಬೆಳಿಗ್ಗೆ ಉಪ್ಪಾರಹಳ್ಳಿಯಿಂದ ಸೈಕಲ್ ತುಳಿದು ಅಲ್ಲಿಗೆ ಹೋದೆ. ಫ್ಯಾಕ್ಟರಿ ಗೇಟಿನ ಮೇಲೆ 'ಲೇತ್ ಟರ್ನರ್ ಬೇಕಾಗಿದ್ದಾರೆ' ಎಂಬ ಬೋರ್ಡು. ಇಪ್ಪತ್ತು ವರ್ಷದಿಂದ ಸಣ್ಣ ವರ್ಕ್‌ಶಾಪಿನ ಲೇತ್ ಮುಂದೆ ನಿಂತಿದ್ದೇನೆ. ಫ್ಯಾಕ್ಟರಿ ಸೇರಿದರೆ ಇಎಸ್‌ಐ ಆಸ್ಪತ್ರೆ ಸೌಲಭ್ಯ ಸಿಗುತ್ತದೆ, ಹೆಂಡತಿಯ ಆಪರೇಷನ್ ಆಗುತ್ತದೆ.

ಗೇಟಿನ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತ ತಲೆಯನ್ನೂ ಎತ್ತಲಿಲ್ಲ.

"ಯಜಮಾನ್ರೇ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತಂದಿದೀರಾ?"

"ನಾಲ್ಕನೇ ಕ್ಲಾಸಿಗೇ ಬಿಟ್ಟೆ. ಒಂದ್ಸಲ ಲೇತ್ ಮುಂದೆ ನಿಲ್ಲಿಸ್ರಿ, ಮಾಡಿ ತೋರಿಸ್ತೀನಿ."

"ಹಂಗೆಲ್ಲ ಆಗಲ್ಲ. ನಮ್ದು ನಾಜೂಕು ಕೆಲಸ." ಮೇಜಿನ ಮೇಲಿದ್ದ, ಯಂತ್ರದ ಅಚ್ಚಿಗೆ ಬಳೆಯಂತೆ ತೊಡಿಸುವ ಹಿತ್ತಾಳೆ ಬುಷ್ ಒಂದನ್ನು ಎತ್ತಿ ಹಿಡಿದ. "ನೋಡಿ, ಈ ಥರ ಫಿನಿಶಿಂಗ್ ಬರಬೇಕು."

ಇಸಕೊಂಡು ತಿರುಗಿಸಿ ನೋಡಿದೆ. ಅಂಚಿನಲ್ಲಿ ನಮ್ಮ ವರ್ಕ್‌ಶಾಪಿನ ಮೂರು ಚುಕ್ಕೆ ಗುರುತು! ಇದೇ ಫ್ಯಾಕ್ಟರಿ ಕೊಟ್ಟ ಆರ್ಡರು, ಹೋದ ವಾರ ನಾನೇ ಕಡೆದದ್ದು.

"ಇದನ್ನ ಮಾಡಿದೋನು ನಾನೇ ಕಣಯ್ಯಾ!" ಎಂದು ಕೂಗಿದೆ.

ಅವನು ಅಲುಗಲಿಲ್ಲ. "ಇರ್ಬೋದು. ಹೊರಗೆ ಮಾಡೋಕೆ ಮಾರ್ಕ್ಸ್ ಕಾರ್ಡ್ ಬ್ಯಾಡ ಯಜಮಾನ್ರೇ, ಒಳಗೆ ಮಾಡೋಕೆ ಬೇಕು."

ಶುಕ್ರವಾರ ಮುಂದಿನ ಕಂತಿನ ಬುಷ್‌ಗಳನ್ನು ತಲುಪಿಸಬೇಕು. ನಾನೇ ಹೊತ್ತುಕೊಂಡು ಹೋಗಿ ಸೀದಾ ಮ್ಯಾನೇಜರ್ ಮೇಜಿನ ಮೇಲೆ ಇಳಿಸಿ, ಕೆಲಸ ಕೇಳುತ್ತೇನೆ. ನನಗೆ ತೆರೆಯದ ಗೇಟು ನನ್ನ ಬುಷ್‌ಗಳಿಗಾದರೂ ತೆರೆಯಲೇಬೇಕಲ್ಲ.