ಇರಲಿ ಮಾವನ ಮೂವತ್ತೊಂದು ಡಬ್ಬಿ

ರೇಡಿಯೋ ರಿಪೇರಿಯವರನ್ನು ಬೀದಿಯವರೆಲ್ಲ ಕರೆಯುವುದು ‘ಇರಲಿ ಮಾವ’ ಎಂದು. ತುಕ್ಕು ಹಿಡಿದ ಮೊಳೆ, ಮೂಕವಾದ ಸ್ಪೀಕರ್, ಹಿಡಿ ಮುರಿದ ಕೊಡೆ, ಏನನ್ನು ಎಸೆಯಹೊರಟರೂ ಅವರದು ಒಂದೇ ಮಂತ್ರ: ‘ಇರಲಿ’. ಈ ಮಂತ್ರಬಲದಿಂದ ಮಲಗುವ ಕೋಣೆಯ ಅಟ್ಟದ ಮೇಲೆ ಬೆಳೆದ ಸಾಮ್ರಾಜ್ಯದ ಭಾರಕ್ಕೆ ಹಲಗೆ ಬಿಲ್ಲಿನಂತೆ ಬಾಗಿ, ದಂಪತಿಗಳ ನೆತ್ತಿಗೇ ಗುರಿಯಿಟ್ಟಿತ್ತು. ಹೀಗಾಗಿ ಅವರ ಹೆಂಡತಿ, ಅಂದರೆ ಬೀದಿಗೆಲ್ಲ ಅತ್ತೆ, ಭಾನುವಾರ ಬೆಳಗ್ಗೆ ಗುಜರಿಯವನನ್ನು ಮನೆಯೊಳಗೇ ಕರೆತಂದರು.

ಮಾವನ ಜೀವ ಬಾಯಿಗೆ ಬಂತು. ಕಾರಣ ಅವರೊಬ್ಬರಿಗೇ ಗೊತ್ತು. ಐದು ವರ್ಷದ ಹಿಂದೆ ಅತ್ತೆಯ ಜೋಡಿ ಓಲೆಗಳ ತಿರುಪು ಸಡಿಲವಾಗಿದ್ದವು. ಸದ್ದಿಲ್ಲದೆ ಸರಿಮಾಡಿ ಮೆಚ್ಚಿಸುವ ಹುಮ್ಮಸ್ಸಿನಲ್ಲಿ ಮಾವ ಅವನ್ನೆತ್ತಿ ಒಂದು ಡಬ್ಬಿಗೆ ಹಾಕಿದ್ದರು. ಯಾವ ಡಬ್ಬಿ ಎಂಬುದು ಮರೆತೇಹೋಯಿತು. ಆ ವಾರ ಬಂದುಹೋಗಿದ್ದ ಸ್ವಂತ ತಂಗಿಯೇ ತೆಗೆದಳೆಂದು ಅತ್ತೆ ಅವಳ ಜೊತೆ ಮಾತು ಬಿಟ್ಟರು. ಮಾವ ತುಟಿ ಬಿಚ್ಚಲಿಲ್ಲ. ಕದ್ದು ಹುಡುಕೋಣವೆಂದು ಹತ್ತಿದಾಗೆಲ್ಲ ಏಣಿ ಕಿರುಚಿ ಚಾಡಿ ಹೇಳುತ್ತಿತ್ತು.

ಈಗ ನೆಲದ ಮೇಲೆ ಕೂತು ಒಂದೊಂದೇ ಡಬ್ಬಿ ಸುರಿದು ಬೆವರುತ್ತಿದ್ದರು.

“ಏನ್ರೀ ಅದು?”

“ಒಳ್ಳೆ ಸ್ಕ್ರೂ ಆರಿಸ್ತಿದೀನಿ ಕಣೇ.”

ಮೂವತ್ತು ಡಬ್ಬಿ ಮುಗಿದವು. ಓಲೆಯ ಸುಳಿವಿಲ್ಲ. ಗುಜರಿಯವ ತಲೆ ಕೆರೆದ. “ಇನ್ನೊಂದು ಡಬ್ಬಿ ಅಮ್ಮಾವ್ರು ಆಗ್ಲೇ ಮೂಟೆಗೆ ಹಾಕಿದ್ರು ಸಾರ್. ತೆಗೀಲಾ?”

ಗಾಬರಿಯಲ್ಲಿ ನಾಲಿಗೆ ಅಭ್ಯಾಸದ ದಾರಿ ಹಿಡಿಯಿತು. “ಇರಲಿ.”

ಇರಲಿ ಎಂದ ಮೇಲೆ ಇರಲಿ. ಅವನು ಮೂಟೆಯ ಬಾಯಿ ಕಟ್ಟಿ ಗಾಡಿಗೆ ಹೇರಿದ. ಮಾವ ಬರಿಗಾಲಲ್ಲಿ ಬೀದಿಗೆ ನುಗ್ಗಿ ಚಕ್ರಕ್ಕೆ ಅಡ್ಡ ನಿಂತರು.

“ಇರಲಿ ಅಂದ್ರೆ ಮನೇಲಿ ಇರಲಿ ಅಂತ ಕಣಯ್ಯ.”

ಅತ್ತೆ ಬಾಗಿಲಿಗೆ ಬಂದರು. “ಮದುವೆಯಾದ ಮೇಲೆ ಮೊದಲ್ನೇ ಸಲ ಒಂದು ಸಾಮಾನು ಬಿಟ್ಟುಕೊಟ್ರಿ. ಅದಕ್ಕೂ ಕಲ್ಲು ಹಾಕ್ಬೇಡಿ.”

“ಅದ್ರಲ್ಲಿ ನಿನ್ನ ಓಲೆ ಇದೆ.”

ಮೂಟೆ ಬಿಚ್ಚಿದರು. ನಟ್ಟು ಬೋಲ್ಟುಗಳ ತಳದಲ್ಲಿ ಎರಡು ಕೆಂಪು ಹರಳು ಮಿನುಗಿದವು. ಮಾವ ತಡವರಿಸುತ್ತ ಎಲ್ಲ ಹೇಳಿದರು. ಅತ್ತೆ ಓಲೆಗಳನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು.

“ಅವಳು ಆಣೆ ಮಾಡಿದ್ಲು. ನಾನು ನಂಬ್ಲಿಲ್ಲ.”

ಗುಜರಿಯವ ಮತ್ತೆ ಮೂಟೆಯ ಬಾಯಿ ಕಟ್ಟಿದ. “ಡಬ್ಬಿ ಎಲ್ಲಾ ತಗೋತೀನಿ ಅಮ್ಮಾ. ಯಜಮಾನ್ರನ್ನ?”

ಅತ್ತೆ ಗಂಡನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. “ಸದ್ಯಕ್ಕೆ ಇರಲಿ.”

ಆಮೇಲೆ ಫೋನು ತೆಗೆದು ತಂಗಿಯ ನಂಬರ್ ಒತ್ತಿದರು. ಒಂದು ರಿಂಗ್, ಎರಡು, ಆರು. ಗೋಡೆಗೆ ಒರಗಿದ್ದ ಮಾವನ ನಾಲಿಗೆ ಜನ್ಮದಲ್ಲಿ ಮೊದಲ ಸಲ ಬೇರೆ ಮಂತ್ರ ಜಪಿಸುತ್ತಿತ್ತು: ಎತ್ತಲಿ, ಎತ್ತಲಿ.