ಕಿವಿಯಕ್ಕ ಕೇಳಿದ ಎರಡನೆಯ ದನಿ

ಆ ಬೆಲ್ಲಿನ ಕಾರ್ಖಾನೆಯಲ್ಲಿ ಅವಳ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಮಿಕ್ಕವರಿಗೆಲ್ಲ ಅವಳು ಕಿವಿಯಕ್ಕ. ಸೈಕಲ್ಲಿಗೆ ಹಾಕುವ ಬೆಲ್ಲುಗಳು ಅಲ್ಲಿ ತಯಾರಾಗುತ್ತಿದ್ದವು. ಲೇತಿನ ಮೇಲೆ ಕಡೆದು ತಂದ ಉಕ್ಕಿನ ಬಟ್ಟಲುಗಳನ್ನು ಒಂದೊಂದಾಗಿ ಕೊಂಡಿಗೆ ನೇತುಹಾಕಿ, ಪುಟ್ಟ ಮರದ ಸುತ್ತಿಗೆಯಿಂದ ತಟ್ಟಿ ಕೇಳುವುದು ಅವಳ ಕೆಲಸ. ದನಿ ಸರಿಯಿದ್ದರೆ ಬಲಗಡೆಯ ಪೆಟ್ಟಿಗೆಗೆ, ಇಲ್ಲದಿದ್ದರೆ ಎಡಗಡೆಯ ಬುಟ್ಟಿಗೆ. ಬುಟ್ಟಿಗೆ ಬಿದ್ದದ್ದು ಕರಗಲು ಹೋಗಬೇಕು. ಇಪ್ಪತ್ತೆರಡು ವರ್ಷ ಹೀಗೆ ಕೇಳಿ ಕೇಳಿ ಅವಳ ಕಿವಿ ಎಷ್ಟು ಪಳಗಿತ್ತೆಂದರೆ, ಬಟ್ಟಲನ್ನು ಯಾರು ಕಡೆದದ್ದು ಎಂಬುದನ್ನೂ ಹೇಳಿಬಿಡುತ್ತಿದ್ದಳು. "ಇದು ಗಡ್ಡದವನದು. ಬೆಳಿಗ್ಗೆ ಹೆಂಡ್ತಿ ಜೊತೆ ಜಗಳ ಆಡ್ಕೊಂಡು ಬಂದಿದ್ದಾನೆ ನೋಡಿ," ಎನ್ನುವಳು. ಹೋಗಿ ವಿಚಾರಿಸಿದರೆ ಗಡ್ಡದವನು ತಲೆ ತಗ್ಗಿಸುತ್ತಿದ್ದ.

ಅವಳ ಗಂಡನೂ ಅದೇ ಶೆಡ್ಡಿನ ಮೂರನೆಯ ಲೇತಿನವನು. ಹನ್ನೊಂದು ವರ್ಷದ ಹಿಂದೆ ನರದ ಕಾಯಿಲೆ ಹಿಡಿದು ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಆಮೇಲೆ ಮದುವೆಯಾಗದ ತಂಗಿ ಬಂದು ಅವಳ ಎರಡು ಕೋಣೆಯ ಮನೆ ಸೇರಿದಳು. ತಂಗಿಗೆ ಸೇತುವೆಯಾಚೆಯ ಸೈಕಲ್ ಕಾರ್ಖಾನೆಯಲ್ಲಿ ಕೆಲಸ. ಹ್ಯಾಂಡಲ್ಲಿಗೆ ಬ್ರೇಕು, ಬೆಲ್ಲು ಕೂರಿಸಿ ತಿರುಪು ಬಿಗಿಯುವುದು. ಒಬ್ಬಳು ಪಾಸು ಮಾಡಿದ ಬೆಲ್ಲನ್ನು ಇನ್ನೊಬ್ಬಳು ಬಿಗಿಯುತ್ತಿದ್ದಳು. ಊರಲ್ಲಿ ಓಡಾಡುವ ಸೈಕಲ್ಲುಗಳಿಗೆಲ್ಲ ನಾವೇ ಬಾಯಿ ಕೊಟ್ಟವರು ಎಂದು ಅಕ್ಕತಂಗಿಯರು ನಗುತ್ತಿದ್ದರು.

ಒಂದು ಬೆಳಿಗ್ಗೆ ಕಿವಿಯಕ್ಕ ಕೆಲಸಕ್ಕೆ ನಡೆದು ಹೋಗುತ್ತಿದ್ದಾಗ ಬೆನ್ನ ಹಿಂದೆ ಬೆಲ್ಲು ಹೊಡೆಯಿತು. ಪಕ್ಕಕ್ಕೆ ಸರಿದವಳು ಅಲ್ಲೇ ನಿಂತಳು. ಟ್ರಿಣ್ ಎಂಬುದರ ಬೆನ್ನಿಗೇ ಇನ್ನೊಂದು ದನಿ ಇತ್ತು. ತೀರಾ ತೆಳು, ನಡುಗುವ ದನಿ. ಯಾರೋ ಏನೋ ಹೇಳಲು ಉಸಿರು ಎಳೆದುಕೊಂಡು, ಹೇಳದೆ ನಿಲ್ಲಿಸಿದ ಹಾಗೆ. ತಿರುಗಿ ನೋಡಿದರೆ ಹಾಲಿನ ಕ್ಯಾನು ಕಟ್ಟಿಕೊಂಡ ಅಪರಿಚಿತ ಮನುಷ್ಯ, ಹೊಸ ಸೈಕಲ್ಲು. ಅವನು ಇವಳ ಮುಖ ನೋಡಿ, "ತಾಗ್ತಾ ಅಮ್ಮಾ?" ಎಂದು ಕೇಳಿದ. ಇಲ್ಲವೆಂದು ತಲೆಯಾಡಿಸಿದಳು.

ಮರುದಿನ ಅದೇ ದನಿ ಎದುರಿನಿಂದ ಬಂತು. ಈ ಸಲ ಸೈಕಲ್ಲಿನ ಮೇಲೆ ಒಬ್ಬ ಹುಡುಗಿ. ಅದರ ಮಾರನೆಯ ದಿನ ಎಡಕ್ಕೊಂದು ಬಲಕ್ಕೊಂದು. ತಿಂಗಳು ತುಂಬುವುದರೊಳಗೆ ಹಾಡಹಗಲು, ಜನ ತುಂಬಿದ ಬೀದಿಯಲ್ಲಿ, ತಿರುವು ತಿರುವಿಗೂ ಆ ಉಸಿರು ಅವಳನ್ನು ಕಾಯುತ್ತಿತ್ತು. ಮಾರುಕಟ್ಟೆಯ ಚೌಕದಲ್ಲಿ ಹತ್ತಾರು ಸೈಕಲ್ಲು ಒಟ್ಟಿಗೆ ಬೆಲ್ಲು ಹೊಡೆದಾಗ ಹತ್ತಾರು ಕಡೆಯಿಂದ ಒಬ್ಬನೇ ಮನುಷ್ಯ ಉಸಿರೆಳೆದಂತಾಗಿ ಅವಳ ಮೈ ಜುಮ್ಮೆನ್ನುತ್ತಿತ್ತು. ಸುತ್ತಲಿನವರು ಸೊಪ್ಪು ಚೌಕಾಸಿ ಮಾಡುತ್ತಾ ಹೋಗುತ್ತಿದ್ದರು. ಒಬ್ಬರಿಗೂ ಏನೂ ಕೇಳಿಸುತ್ತಿರಲಿಲ್ಲ.

ಮನೆಯಲ್ಲಿ ಊಟಕ್ಕೆ ಕೂತಾಗ ತಂಗಿಯನ್ನು ಕೇಳಿದಳು. "ನಿಮ್ಮಲ್ಲಿ ಈಗ ಯಾರ ಬೆಲ್ಲು ಹಾಕ್ತಿದ್ದೀರೇ?"

ತಂಗಿ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟಳು. "ನಿಂಗೆ ಹೇಗೆ ಹೇಳೋದು ಅಂತ ಎರಡು ತಿಂಗಳಿಂದ ನುಂಗ್ಕೊಂಡಿದ್ದೀನಿ ಅಕ್ಕಾ. ಹೊರದೇಶದ ಮಾಲು. ಹಡಗಲ್ಲಿ ಬರುತ್ತೆ. ನಿಮ್ಮದರ ಅರ್ಧ ಬೆಲೆಯಂತೆ." ಎದ್ದು ಚೀಲದಿಂದ ಒಂದು ಬೆಲ್ಲು ತಂದು ಇಟ್ಟಳು.

ಕಿವಿಯಕ್ಕ ಅದನ್ನು ಬಿಚ್ಚಿ, ಬಟ್ಟಲನ್ನು ಬೆರಳ ತುದಿಯಲ್ಲಿ ನಿಲ್ಲಿಸಿ ಚಮಚದಿಂದ ತಟ್ಟಿದಳು. ಆಮೇಲೆ ಅಂಚಿನ ಸುತ್ತ ಉಗುರು ಆಡಿಸಿದಳು. ಒಂದು ಕಡೆ ಅಂಚು ಕೂದಲೆಳೆಯಷ್ಟು ಹೆಚ್ಚು ದಪ್ಪ. ಎಲ್ಲಿ ದಪ್ಪವಾಗಿರಬೇಕೆಂದು ಅವಳಿಗೆ ಮೊದಲೇ ಗೊತ್ತಿತ್ತು. ಬೆರಳು ನೇರ ಅಲ್ಲಿಗೇ ಹೋಗಿ ನಿಂತಿತು.

"ಇದು ನಿಮ್ಮ ಭಾವ ಕಡೆದದ್ದು," ಎಂದಳು.

"ಅಕ್ಕಾ, ನಿಂಗೆ ಹುಚ್ಚಾ? ಇಂಥವು ಲಕ್ಷಾಂತರ ಬಂದಿವೆ. ಭಾವ ಹೋಗಿ ಹನ್ನೊಂದು ವರ್ಷ ಆಯ್ತು."

ಆಗ ಕಿವಿಯಕ್ಕ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತನ್ನು ಹೇಳಿದಳು. ಗಂಡ ಕಡೆಯದಾಗಿ ಲೇತಿನ ಮುಂದೆ ನಿಂತ ದಿನ ಅವನ ಕೈ ಆಗಲೇ ನಡುಗುತ್ತಿತ್ತು. ನಾಲಿಗೆಯೂ ಹೇಳಿದ ಮಾತು ಕೇಳುತ್ತಿರಲಿಲ್ಲ. ಏನೋ ಹೇಳಲು ಉಸಿರೆಳೆದು ಹಾಗೇ ನಿಲ್ಲಿಸುತ್ತಿದ್ದ. ಅವತ್ತು ಅವನಿಂದ ಆದದ್ದು ಒಂದೇ ಬಟ್ಟಲು. ಅದನ್ನು ತಟ್ಟಿದಾಗ ಎರಡನೆಯ ದನಿ ಕೇಳಿಸಿತು. ಎಡಗಡೆಯ ಬುಟ್ಟಿಗೆ ಹಾಕಬೇಕಾಗಿದ್ದದ್ದು. ಕೈ ಬರಲಿಲ್ಲ, ಬಲಗಡೆಯ ಪೆಟ್ಟಿಗೆಗೆ ಹಾಕಿದಳು. ಅದೇ ವಾರ ಹೊರದೇಶದ ವ್ಯಾಪಾರಿಗಳು ಕಾರ್ಖಾನೆ ನೋಡಲು ಬಂದು, ಕೊಳ್ಳುವ ಮಾತಾಡಿ, ಮಾದರಿಗೆಂದು ಆ ಪೆಟ್ಟಿಗೆಯಿಂದ ಒಂದು ಡಜನ್ ತೆಗೆದುಕೊಂಡು ಹೋದರು. ಮತ್ತೆ ಅವರ ಸುದ್ದಿಯಿರಲಿಲ್ಲ.

ತಂಗಿ ಆ ಬಟ್ಟಲನ್ನು ಮತ್ತೆ ಮುಟ್ಟಲಿಲ್ಲ. "ಅದನ್ನೇ ಇಟ್ಕೊಂಡು ಅಚ್ಚು ಮಾಡಿದ್ರಾ?" ಎಂದು ಮೆಲ್ಲಗೆ ಕೇಳಿ, ಬಾಗಿಲ ಕಡೆ ನೋಡಿದಳು. ಹೊರಗೆ ಯಾರದೋ ಸೈಕಲ್ಲು ಬೆಲ್ಲು ಹೊಡೆದು ದಾಟಿಹೋಯಿತು.

ಇತ್ತ ಬೆಲ್ಲಿನ ಕಾರ್ಖಾನೆ ಸೊರಗುತ್ತಾ ಬಂತು. ಹನ್ನೆರಡು ಲೇತಿನಲ್ಲಿ ತಿರುಗುತ್ತಿದ್ದದ್ದು ನಾಲ್ಕು. ಯಜಮಾನರು ಸರ್ಕಾರದ ಸುಂಕ ಮಂಡಳಿಗೆ ಅರ್ಜಿ ಹಾಕಿದರು: ಹೊರಗಿನ ಬೆಲ್ಲಿನ ಮೇಲೆ ಆಮದು ಸುಂಕ ಹಾಕಬೇಕು, ಇಲ್ಲದಿದ್ದರೆ ನಮಗೆ ಉಳಿಗಾಲವಿಲ್ಲ. ವಿಚಾರಣೆಯ ದಿನ ಕಿವಿಯಕ್ಕನನ್ನು ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ದಾರಿಯಲ್ಲಿ, "ನೀನು ಹೇಳಬೇಕಾದ್ದು ಒಂದೇ ಮಾತಮ್ಮ. ಅವರ ಬೆಲ್ಲಲ್ಲಿ ದೋಷ ಇದೆ. ಅಷ್ಟೇ," ಎಂದರು.

ಉದ್ದನೆಯ ಸಭಾಂಗಣ, ಎತ್ತರದ ಕಿಟಕಿಗಳು, ಹಸಿರು ಬಟ್ಟೆ ಹಾಸಿದ ಮೇಜು. ದಪ್ಪ ಕನ್ನಡಕದ ಅಧ್ಯಕ್ಷೆ ನಡುವೆ ಕೂತಿದ್ದರು. ಯಜಮಾನರು ಎದ್ದು ಮಾತಾಡಿದರು. "ಅವರ ಸರ್ಕಾರ ಅವರಿಗೆ ಉಕ್ಕು ಅಗ್ಗಕ್ಕೆ ಕೊಡುತ್ತೆ, ಕರೆಂಟು ಬಿಟ್ಟಿ ಅನ್ನೋ ಹಾಗೆ ಕೊಡುತ್ತೆ. ನಾವು ಕುಸ್ತಿ ಆಡ್ತಿರೋದು ಇನ್ನೊಂದು ಕಾರ್ಖಾನೆ ಜೊತೆ ಅಲ್ಲ ಅಮ್ಮಾ, ಒಂದು ಇಡೀ ದೇಶದ ಜೊತೆ. ಇವತ್ತು ನಾವು ಮುಚ್ಚಿದ್ರೆ ಕಲಿತ ಕೈಗಳು ಚದುರಿಹೋಗ್ತವೆ. ನಾಳೆ ಅವರು ಬೆಲೆ ಏರಿಸಿದಾಗ ಯಾರ ಬಾಗಿಲು ತಟ್ತೀರಿ?"

ಸೈಕಲ್ ಕಂಪನಿಯ ವಕೀಲ ಸಪೂರ ಮನುಷ್ಯ, ಸಮಾಧಾನದ ದನಿ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಬೇಡಿ. ಬೆಲ್ಲಿನ ಮೇಲೆ ಸುಂಕ ಅಂತೀರಿ, ನಾಳೆ ಚೈನಿನವರು ಬರ್ತಾರೆ, ನಾಡಿದ್ದು ಟೈರಿನವರು. ನಮ್ಮ ಸೈಕಲ್ಲು ದುಬಾರಿ ಆಗುತ್ತೆ. ಆಗ ಜನ ಹೊರಗಿಂದ ಇಡೀ ಸೈಕಲ್ಲನ್ನೇ ತರಿಸ್ತಾರೆ. ಅದಕ್ಕೆ ಇರೋ ಸುಂಕ ಕಮ್ಮಿ. ಅವರ ಮುನ್ನೂರು ಜನ ಉಳಿಯೋಕೆ ನಮ್ಮ ಎರಡು ಸಾವಿರ ಜನ ಮನೆಗೆ ಹೋಗಬೇಕಾ?"

ಆ ಎರಡು ಸಾವಿರದಲ್ಲಿ ತನ್ನ ತಂಗಿಯೂ ಒಬ್ಬಳು ಎಂದು ಕಿವಿಯಕ್ಕನಿಗೆ ಗೊತ್ತಿತ್ತು. ಯಾರು ಮಾತಾಡಿದರೂ ಅವರದೇ ಸರಿ ಎನಿಸುತ್ತಿತ್ತು.

ಅಧ್ಯಕ್ಷೆ ಅವಳ ಕಿವಿಯನ್ನು ಪರೀಕ್ಷಿಸಲು ಹೇಳಿದರು. ಪರದೆಯ ಹಿಂದೆ ಜವಾನ ಹನ್ನೆರಡು ಬೆಲ್ಲು ಹೊಡೆದ. "ನಮ್ಮದು. ಅವರದು. ಅವರದು. ನಮ್ಮದು, ಗಡ್ಡದವನು ಕಡೆದದ್ದು," ಎಂದು ಹೇಳುತ್ತಾ ಹೋದಳು. ಒಂದೂ ತಪ್ಪಲಿಲ್ಲ. ಆದರೆ ಕೊನೆಯ ನಾಲ್ಕೂ ಸಾಲಾಗಿ ಹೊರದೇಶದವೇ ಬಂದವು. ಉಸಿರು ಎಳೆದು ನಿಂತಿತು. ಮತ್ತೆ ಎಳೆದು ನಿಂತಿತು. ಮೂರನೆಯ ಸಲಕ್ಕೆ ಪರದೆಯ ಹಿಂದಿರುವುದು ಜವಾನನೇ ಹೌದೋ ಅಲ್ಲವೋ ಎಂಬ ಅನುಮಾನ ಬಂದು ಅವಳು ಮೇಜಿನ ಅಂಚು ಹಿಡಿದುಕೊಂಡಳು. ನಾಲ್ಕನೆಯದಕ್ಕೆ ಅವಳ ಬಾಯಿಯಿಂದ, "ಹೇಳಿ, ಏನು ಬೇಕು?" ಎಂದು ಬಂದುಬಿಟ್ಟಿತು.

ಬರೆಯುತ್ತಿದ್ದ ಗುಮಾಸ್ತ ತಲೆಯೆತ್ತಿದ.

"ಯಾರನ್ನ ಕೇಳ್ತಿದ್ದೀರಮ್ಮ?" ಎಂದರು ಅಧ್ಯಕ್ಷೆ.

ಕಿವಿಯಕ್ಕ ಅಧ್ಯಕ್ಷೆಯ ಕಡೆ ತಿರುಗಿದಳು. "ಅವರ ಬೆಲ್ಲಲ್ಲಿ ದೋಷ ಇದೆ ಅಮ್ಮಾ." ಯಜಮಾನರ ಮುಖ ಅರಳಿತು. "ಆದ್ರೆ ಆ ದೋಷ ನಮ್ಮ ಕಾರ್ಖಾನೆಯದು. ಪಾಸು ಮಾಡಿದವಳು ನಾನು." ತಂಗಿಗೆ ಹೇಳಿದ್ದನ್ನೆಲ್ಲ ಅಲ್ಲಿಯೂ ಹೇಳಿದಳು.

"ಅಂದ್ರೆ ಅವರು ನಿಮ್ಮದನ್ನ ನಕಲು ಮಾಡಿದ್ದಾರೆ," ಎಂದರು ಅಧ್ಯಕ್ಷೆ.

"ನಕಲಲ್ಲಿ ಎಲ್ಲಾದ್ರೂ ಒಂದು ವ್ಯತ್ಯಾಸ ಇರುತ್ತೆ. ಇದರಲ್ಲಿ ಇಲ್ಲ. ನನ್ನ ಗಂಡನ ಕೈ ಎಲ್ಲಿ ನಡುಗಿತ್ತೋ ಅಲ್ಲೇ ನಡುಗಿದೆ, ಲಕ್ಷ ಸಲ. ನಂಗೆ ಭಯ ಆಗ್ತಿರೋದು ಅದಕ್ಕೇ."

ಅಧ್ಯಕ್ಷೆ ಒಂದು ಬೆಲ್ಲನ್ನು ತಾವೇ ಎತ್ತಿ ಹೊಡೆದರು. ಕಿವಿಗೆ ಹತ್ತಿರ ಹಿಡಿದು ಮತ್ತೆ ಹೊಡೆದರು. "ನಂಗೇನೂ ಕೇಳಿಸ್ತಿಲ್ಲ," ಎಂದರು. "ಕೇಳಿಸದ ದೋಷಕ್ಕೆ ಕೊಳ್ಳೋರು ಯಾಕೆ ಹೆಚ್ಚು ಬೆಲೆ ಕೊಡಬೇಕು?"

ತೀರ್ಪು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂಥದ್ದು. ಬೆಲ್ಲಿನ ಮೇಲೆ ಸುಂಕ, ಆದರೆ ಕೇಳಿದ್ದಕ್ಕಿಂತ ಕಡಿಮೆ. ಅದೂ ಮೂರೇ ವರ್ಷಕ್ಕೆ. ಸೈಕಲ್ ಕಾರ್ಖಾನೆಯವರು ಅದೇ ನೆಪ ಹೇಳಿ ಒಂದು ಪಾಳಿ ನಿಲ್ಲಿಸಿದರು. ತಂಗಿಯ ಕೆಲಸ ಉಳಿಯಿತು, ಅವಳ ಪಕ್ಕದಲ್ಲಿ ಆರು ವರ್ಷ ನಿಂತ ಗೆಳತಿಯದು ಹೋಯಿತು. ತಂಗಿ ಒಂಬತ್ತು ದಿನ ಅಕ್ಕನ ಜೊತೆ ಮಾತು ಬಿಟ್ಟಳು. ಹತ್ತನೆಯ ದಿನ, "ನೀನು ಸುಳ್ಳಾದ್ರೂ ಹೇಳಿದ್ದಿದ್ರೆ ಬೈಬಹುದಿತ್ತು," ಎಂದು ಅತ್ತಳು.

ಬೆಲ್ಲಿನ ಕಾರ್ಖಾನೆಯಲ್ಲಿ ಒಂದಷ್ಟು ದಿನ ಎಲ್ಲ ಲೇತುಗಳೂ ತಿರುಗಿದವು. ಆಮೇಲೆ ಒಂದೊಂದಾಗಿ ನಿಂತವು. ವಿಚಿತ್ರವೆಂದರೆ ಕಿವಿಯಕ್ಕ ಕೂತು ಕೇಳುವ ಕೋಣೆಗೆ ಬಟ್ಟಲು ಬರುವುದು ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಅವಳು ಎದ್ದು ಹೋಗಿ ನೋಡಿದಳು. ಶೆಡ್ಡಿನಲ್ಲಿ ನರಪಿಳ್ಳೆಯಿಲ್ಲ. ಹನ್ನೆರಡು ಲೇತಿನ ಮೇಲೂ ಟಾರ್ಪಾಲು ಹೊದಿಸಿದೆ. ಕಿಟಕಿಯ ಬಿಸಿಲು ನೆಲದ ಮೇಲೆ ಬಿದ್ದಿದೆ, ಅಲ್ಲಿ ಒಂದು ಲೋಹದ ಚೂರೂ ಇಲ್ಲ. ವಾಪಸು ಬಂದರೆ ಮೇಜಿನ ಮೇಲೆ ಬಟ್ಟಲು ತುಂಬಿದ ಹೊಸ ತಟ್ಟೆ. ಒಂದನ್ನು ಕೊಂಡಿಗೆ ಹಾಕಿ ತಟ್ಟಿದಳು. ತನ್ನದೇ ಕೋಣೆಯಲ್ಲಿ, ತನ್ನದೇ ಸುತ್ತಿಗೆಗೆ, ಗಂಡ ಉಸಿರೆಳೆದ.

ಅವತ್ತು ಸಂಜೆಯವರೆಗೆ ಬಂದದ್ದನ್ನೆಲ್ಲ ಎಡಗಡೆಗೇ ಹಾಕಿದಳು. ಬುಟ್ಟಿ ತುಂಬಿ ನೆಲಕ್ಕೆ ಉರುಳಿದವು. ಯಜಮಾನರು ಬಂದು ಬಾಗಿಲಲ್ಲಿ ನಿಂತರು.

"ಹೊರಗಿಂದ ಪೂರ್ತಿ ಬೆಲ್ಲು ತಂದ್ರೆ ಸುಂಕ. ಬರೀ ಬಟ್ಟಲು ತಂದ್ರೆ ಲೋಹದ ಸಾಮಾನು, ಅದಕ್ಕಿಲ್ಲ," ಎಂದರು, ಅವಳು ಕೇಳದಿದ್ದರೂ. "ಹೊಸ ಯಂತ್ರ ಹಾಕೋಣ ಅಂತ ಬ್ಯಾಂಕಿಗೆ ಅಲೆದೆ. ಮೂರು ವರ್ಷ ಆದಮೇಲೆ ಸುಂಕ ಇರುತ್ತಾ ಅಂತ ಕೇಳಿದ್ರು. ಏನು ಹೇಳಲಿ? ಹೀಗೆ ಮಾಡಿದ್ರೆ ಹೊಳಪು ಕೊಡೋರು, ಕಟ್ಟೋರು, ನಲವತ್ತು ಜನ ಆದ್ರೂ ಉಳೀತಾರೆ."

"ನಿಮ್ಮ ಕಷ್ಟ ನಿಮಗೆ ಯಜಮಾನ್ರೇ, ನಾನೇನೂ ಅನ್ನಲ್ಲ. ಆದ್ರೆ ಒಂದ್ಸಲ ಬಿಟ್ಟೆ, ಊರೆಲ್ಲ ತುಂಬ್ತು. ಇನ್ನು ನನ್ನ ಕೈಯಿಂದ ಪಾಸಾಗಲ್ಲ."

ಅವರು ಅವಳನ್ನು ಕೆಲಸದಿಂದ ಬಿಡಿಸಲಿಲ್ಲ, ಪ್ಯಾಕಿಂಗಿಗೆ ಹಾಕಿದರು. ಕೇಳುವ ಕೋಣೆಗೆ ಬೀಗ ಬಿತ್ತು. ಅಲ್ಲಿಂದಾಚೆ ಬಟ್ಟಲುಗಳನ್ನು ಯಾರೂ ತಟ್ಟಿ ನೋಡಲಿಲ್ಲ. ಅವುಗಳ ನೆತ್ತಿಯ ಮೇಲೆ ಕಾರ್ಖಾನೆಯ ಹಳೆಯ ಮುದ್ರೆ ಒತ್ತಿ ಕಳಿಸುತ್ತಿದ್ದರು.

ಸುಂಕದ ಎರಡನೆಯ ವರ್ಷದ ಕೊನೆಯಲ್ಲಿ ಒಂದು ಬೆಳಿಗ್ಗೆ, ಹೊಸ ಪೆಟ್ಟಿಗೆ ಬಿಚ್ಚಿ ಬಟ್ಟಲು ಜೋಡಿಸುತ್ತಿದ್ದಾಗ ಒಂದಕ್ಕೊಂದು ತಾಗಿ ಸದ್ದಾಯಿತು. ಕಿವಿಯಕ್ಕ ಕೈ ನಿಲ್ಲಿಸಿದಳು. ಇನ್ನೊಂದನ್ನು ಉಗುರಿನಿಂದ ತಟ್ಟಿದಳು. ಟ್ರಿಣ್. ಅಷ್ಟೇ, ಆ ದನಿಯ ಹಿಂದೆ ಯಾರೂ ಇರಲಿಲ್ಲ. ಇಡೀ ಪೆಟ್ಟಿಗೆ ತಟ್ಟಿದಳು. ಅಂಚು ಸುತ್ತಲೂ ಸಮ. ಸಮುದ್ರದಾಚೆ ಯಾರೋ ಒಬ್ಬರು, ಅವಳ ಹಾಗೆಯೇ ಸುತ್ತಿಗೆ ಹಿಡಿದು ಕೂತವರು, ಅಂತೂ ಆ ಎರಡನೆಯ ದನಿಯನ್ನು ಕೇಳಿಸಿಕೊಂಡಿದ್ದರು. ಅಚ್ಚನ್ನು ತಿದ್ದಿದ್ದರು. ಅವರು ಗಂಡಸೋ ಹೆಂಗಸೋ, ಕೇಳಿದಾಗ ಅವರಿಗೂ ಮೈ ಜುಮ್ಮೆಂದಿತೋ ಏನೋ ಎಂದು ಅವಳು ಬಹಳ ಹೊತ್ತು ಯೋಚಿಸುತ್ತಾ ಕೂತಳು. ಬೀದಿಯಲ್ಲಿ ಹಳೆಯ ಬೆಲ್ಲುಗಳು ತುಕ್ಕು ಹಿಡಿದು ಒಂದೊಂದೇ ಕಳಚಿದವು, ಹೊಸವು ಬಂದವು. ಈಗ ಸೈಕಲ್ಲುಗಳೆಲ್ಲ ಖಾಲಿ ಮನೆಗಳಂತೆ ಅವಳನ್ನು ದಾಟಿಹೋಗುತ್ತಿದ್ದವು. ಮೊದಲಿನ ಭಯಕ್ಕಿಂತ ಇದೇ ಹೆಚ್ಚು ಭಯವಾಗಿತ್ತು.

"ಭಾವ ಹೋದ್ರಾ ಅಕ್ಕಾ?" ಎಂದು ತಂಗಿ ಒಂದು ದಿನ ಕೇಳಿದಳು.

"ಹ್ಞೂಂ. ಈಗ ಹೋದ್ರು."

ಮೂರು ವರ್ಷ ಮುಗಿದ ಮೇಲೆ ಸುಂಕ ಮುಂದುವರಿಯಲಿಲ್ಲ. ಯಜಮಾನರು ಶೆಡ್ಡನ್ನು ಗೋದಾಮಿಗೆ ಬಾಡಿಗೆಗೆ ಕೊಟ್ಟರು. ಕಿವಿಯಕ್ಕನಿಗೆ ಊರಾಚೆಯ ಪಿಂಗಾಣಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಭಟ್ಟಿಯಿಂದ ಬಂದ ಚಹಾದ ಕಪ್ಪುಗಳನ್ನು ತಟ್ಟಿ, ಕಣ್ಣಿಗೆ ಕಾಣದ ಬಿರುಕನ್ನು ಹೇಳಬೇಕು. ಹೋದ ತಿಂಗಳು ಅಲ್ಲಿಯ ಮ್ಯಾನೇಜರು ಬಂದು, ಹೊರಗಿನ ಕಪ್ಪು ಅಗ್ಗಕ್ಕೆ ಬರುತ್ತಿದೆ, ಮಂಡಳಿಗೆ ಅರ್ಜಿ ಹಾಕುತ್ತಿದ್ದೇವೆ, ಸಾಕ್ಷಿ ಹೇಳ್ತೀರಾ ಎಂದು ಕೇಳಿದರು.

"ಅವರದೊಂದು ಕಪ್ಪು ತರಿಸಿ ಸಾರ್," ಎಂದಳು ಕಿವಿಯಕ್ಕ, ಕೈಯಲ್ಲಿದ್ದುದನ್ನು ಪಕ್ಕಕ್ಕಿಟ್ಟು. "ಮೊದಲು ಅದರೊಳಗೆ ಯಾರಿದ್ದಾರೆ ಅಂತ ಕೇಳ್ತೀನಿ."