ಎತ್ತಲೇಬೇಕಾದ ಕರೆಗಳು

ಭುಜದವರೆಗೆ ಪ್ಲಾಸ್ಟಿಕ್ ಕೈಗವಸು ತೊಟ್ಟು, ಹಸುವಿನ ಗರ್ಭದೊಳಗೆ ಕರುವಿನ ಗೊರಸನ್ನು ತಡಕುತ್ತಿರುವಾಗಲೇ ಕೋಟಿನ ಜೇಬಿನಲ್ಲಿ ಫೋನು ಬಡಿದುಕೊಳ್ಳುವುದು ನನಗೆ ಹೊಸದೇನಲ್ಲ. ಕನಕಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಪಶುವೈದ್ಯೆ. ಗೊತ್ತಿಲ್ಲದ ನಂಬರನ್ನು ಕಡೆಗಣಿಸಿ ನೆಮ್ಮದಿಯಾಗಿ ಕಾಫಿ ಕುಡಿಯುವ ನಿಮ್ಮ ಸುಖ ನನಗಿಲ್ಲ. ದನ ಮಲಗಿಬಿಟ್ಟಾಗ, ಕುರಿಯ ಹೊಟ್ಟೆಯುಬ್ಬಿದಾಗ, ನಮ್ಮ ಜನ ಎದುರಿಗೆ ಸಿಕ್ಕವರ ಫೋನಿನಿಂದಲೇ ಕರೆಯುತ್ತಾರೆ. ಹಾಗಾಗಿ ಅಪರಿಚಿತ ಸಂಖ್ಯೆಯೆಂದರೆ ನನ್ನ ಪಾಲಿಗೆ ಎಲ್ಲೋ ನೋಯುತ್ತಿರುವ ಒಂದು ಮೂಕಪ್ರಾಣಿ.

ಈಚೆಗೆ ಆ ಮೂಕಪ್ರಾಣಿಗಳ ಸಾಲಿನಲ್ಲಿ ಮಾತು ಮಾರುವವರು ನುಗ್ಗಿದ್ದಾರೆ. ಹೆದ್ದಾರಿ ಪಕ್ಕದ ಸೈಟು, ಮಂಡಿನೋವಿನ ಎಣ್ಣೆ, ನಾನು ಸತ್ತ ಮೇಲೆ ಲಾಭ ಕೊಡುವ ವಿಮೆ! ಕಾನೂನಿಲ್ಲವೆಂದಲ್ಲ. ಇಂಥ ಕರೆ ಬೇಡವೆಂದು ನೋಂದಾಯಿಸಿಕೊಂಡವರನ್ನು ಕಾಡಬಾರದು, ಮಾರುವವರು ತಮಗೆಂದೇ ಮೀಸಲಾದ ಸಂಖ್ಯೆಗಳಿಂದ ಕರೆಯಬೇಕು, ತಾವು ಯಾರೆಂದು ಮೊದಲೇ ಹೇಳಬೇಕು ಎಂದೆಲ್ಲ ನಿಯಮಗಳಿವೆ. ನಾನೂ ಶ್ರದ್ಧೆಯಿಂದ ನೋಂದಾಯಿಸಿಕೊಂಡೆ. ಕೆಲವು ದಿನ ಫೋನು ಮೌನವ್ರತ ಹಿಡಿಯಿತು. ಆಮೇಲೆ ಅವೇ ದನಿಗಳು ನಿಮ್ಮ, ನನ್ನಂಥವರ ಸಾಧಾರಣ ನಂಬರುಗಳ ವೇಷ ತೊಟ್ಟು ಹಿಂದಿರುಗಿದವು.

ಕಳೆದ ಆಷಾಢದ ಒಂದು ದಿನ ಮಧ್ಯಾಹ್ನದೊಳಗೆ ಐದು ಸಲ ಸೈಟಿನವರು ಕರೆದಿದ್ದರು. ಆರನೆಯ ಬಾರಿ ಫೋನು ಕೂಗಿದಾಗ ಅತ್ತಲಿನವರು ಉಸಿರೆತ್ತುವ ಮೊದಲೇ, "ಸೈಟೂ ಬೇಡ, ನಿಮ್ಮ ಸಹವಾಸವೂ ಬೇಡ! ಇನ್ನೊಂದು ಸಲ ಫೋನ್ ಮಾಡಿದ್ರೆ ಪೊಲೀಸ್‌ಗೆ ಹೇಳ್ತೀನಿ" ಎಂದು ಕಿರುಚಿ ಇಟ್ಟುಬಿಟ್ಟೆ. ಸುಳ್ಳೇಕೆ ಹೇಳಲಿ, ಮನಸ್ಸಿಗೆ ಎಂಥದೋ ತಂಪಾಯಿತು.

ಎರಡು ಗಂಟೆ ಕಳೆದ ಮೇಲೆ ದೊಡ್ಡಆಲಹಳ್ಳಿ ಕಡೆಯ ರೈತರೊಬ್ಬರು ಬೈಕಿನಲ್ಲಿ ಏದುಸಿರು ಬಿಡುತ್ತ ಬಂದರು. "ನಮ್ ಹಸ ಈಯಕ್ಕಾಗ್ದೆ ಬಿದ್ಬುಟ್ಟೈತೆ, ಒಸಿ ಬೇಗ ಬನ್ನಿ ಡಾಕ್ಟ್ರಮ್ಮ." ಅವರ ಹಿಂದೆಯೇ ಹೋದೆ. ಕೊಟ್ಟಿಗೆಯಲ್ಲಿ ಅವರ ಹೆಂಡತಿ ಕೆಂಪಮ್ಮ ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕರುವಿನ ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತು. ಸರಿಪಡಿಸಿ ಎಳೆಯುವಷ್ಟರಲ್ಲಿ ನನ್ನ ತೋಳಿನ ಸತ್ವವೆಲ್ಲ ಸೋರಿಹೋಗಿತ್ತು. ಹಸು ಉಳಿಯಿತು. ಕರು ಉಳಿಯಲಿಲ್ಲ. ಹೆಣ್ಣುಗರು, ಹಣೆಯಲ್ಲಿ ಬಿಳಿಯ ಚುಕ್ಕೆ.

"ಮೊದಲೇ ಯಾಕೆ ಹೇಳಲಿಲ್ಲ?" ಎಂದು ಗದರಿದೆ.

ಕೆಂಪಮ್ಮ ತಲೆಯೆತ್ತಲಿಲ್ಲ. "ಅಂಗಡಿಯೋರ ಫೋನಿಂದ ಮಾಡಿದ್ದೆ ಕಣ್ರೀ ಡಾಕ್ಟ್ರಮ್ಮ. ಪೊಲೀಸು ಅಂದ್ಬುಟ್ರಲ್ಲ, ಹೆದ್ರಕಂಡು ಮತ್ತೆ ಮಾಡ್ನಿಲ್ಲ. ತಪ್ಪಾಯ್ತು."

ತಪ್ಪಾಯಿತೆಂದು ಹೇಳಬೇಕಾದವರು ಯಾರು? ಕೈತೊಳೆಯಲು ಬಕೆಟ್ಟಿಗೆ ಬಗ್ಗಿದಾಗ ಜೇಬಿನ ಫೋನು ಮತ್ತೆ ಕೂಗಿತು. ಎತ್ತಿದರೆ ಸೈಟಿನವರು: "ಮೇಡಂ, ಎರಡೇ ನಿಮಿಷ..." ಬೈಯದೆ ಇಟ್ಟುಬಿಟ್ಟೆ. ಬೈಗುಳವನ್ನೆಲ್ಲ ಮಧ್ಯಾಹ್ನವೇ ತಪ್ಪು ವಿಳಾಸಕ್ಕೆ ಕಳಿಸಿಯಾಗಿತ್ತು.

ಆ ಸಂಜೆ ಸೈಟಿನವರ ಎಲ್ಲ ನಂಬರುಗಳನ್ನೂ ಬರೆದು ಫೋನ್ ಕಂಪನಿಗೆ ದೂರು ಸಲ್ಲಿಸಿದೆ. ನಮೂನೆಯಲ್ಲಿ ದಿನಾಂಕಕ್ಕೆ, ವೇಳೆಗೆ, ಮಾರಲು ಬಂದ ವಸ್ತುವಿಗೆ ಒಂದೊಂದು ಖಾನೆಯಿತ್ತು. ಕರುವನ್ನು ಬರೆಯಲು ಜಾಗವಿರಲಿಲ್ಲ. ವಾರದ ಮೇಲೆ ಉತ್ತರ ಬಂತು: ಸದರಿ ಸಂಖ್ಯೆಗಳು ಚಾಲ್ತಿಯಲ್ಲಿಲ್ಲವಾದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ. ಅವರು ಸಿಮ್ ಎಸೆದು ಹೊಸದು ಹಾಕಿಕೊಂಡಿದ್ದರು. ನಾನು ನನ್ನ ನಂಬರನ್ನು ಬದಲಿಸುವಂತಿಲ್ಲ, ಸುತ್ತಲ ಹಳ್ಳಿಗಳ ಎಷ್ಟೋ ಕೊಟ್ಟಿಗೆಯ ಗೋಡೆಗಳ ಮೇಲೆ ಅದನ್ನು ಇದ್ದಿಲಲ್ಲಿ ಬರೆದಿಟ್ಟಿದ್ದಾರೆ.

ಕೆಂಪಮ್ಮ ಯಾರಿಗೆ ಏನು ಹೇಳಿದರೋ ತಿಳಿಯದು. ಒಂದು ತಿಂಗಳಿನಿಂದ ಹೊಸ ನಂಬರಿನಿಂದ ಯಾವ ರೈತರು ಕರೆದರೂ, ನಾನು ಹಲೋ ಎನ್ನುವ ಮೊದಲೇ ಒಂದೇ ಉಸಿರಿಗೆ ಒದರುತ್ತಾರೆ: "ಸೈಟಲ್ಲ ಕಣ್ರೀ ಡಾಕ್ಟ್ರಮ್ಮ, ಹಸ!"

ತಾವು ಯಾರೆಂದು ಮೊದಲೇ ಸಾರಬೇಕೆಂಬ ನಿಯಮವನ್ನು ನಮ್ಮ ತಾಲ್ಲೂಕಿನಲ್ಲಿ ಚಾಚೂ ತಪ್ಪದೆ ಪಾಲಿಸುತ್ತಿರುವವರು ಇವರು ಮಾತ್ರ.